ಅಬ್ಬೆ ದುಬ್ವಾ ಎಂಬ ದೊಡ್ಡಸ್ವಾಮಿಯವರು



ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳಲ್ಲಿ ನಮ್ಮ ವಿಶ್ವಾಸಿಗಳ ಸಂಖ್ಯೆ ದೊಡ್ಡದಲ್ಲ. ಇಲ್ಲಿ ನಾಲ್ಕು ಮನೆ, ಅಲ್ಲಿ ನಾಲ್ಕು ಮನೆ ಎಂಬಂತೆ ಚದುರಿಕೊಂಡಿದ್ದೇವೆ. ಹಾಗಾಗಿ ದೊಡ್ಡ ಹಬ್ಬ ಬಂತೆಂದರೆ, ಹರಕೆ ತೀರಿಸುವುದಿದೆ ಎಂದರೆ, ಊರಿಂದ ನೆಂಟರು ಬಂದರೆಂದರೆ ಮನೆಮಂದಿಯೆಲ್ಲ ಮೈಸೂರಿನ ಬಸ್ಸು ಹತ್ತುತ್ತೀರಿ. ಮೈಸೂರಿಗೆ ಬಂದಮೇಲೆ ನಿಮ್ಮ ಮಕ್ಕಳು ಮೊದಲು ಕೇಳುವುದು ಸಂತ ಫಿಲೋಮಿನಾ ಪ್ರಧಾನಾಲಯದ ಆ ಎರಡು ಗೋಪುರಗಳನ್ನು. 175 ಅಡಿ ಎತ್ತರದ ಅವುಗಳ ಕೆಳಗೆ ನಿಂತು ತಲೆಯೆತ್ತಿ ನೋಡಿದರೆ ದೊಡ್ಡವರ ಕತ್ತೂ ನೋಯುತ್ತದೆ.

ಆ ದೇವಾಲಯದ ಕಥೆ ನಿಮಗೆ ತಿಳಿದದ್ದೇ. ಮಹಾರಾಜರ ಹುಜೂರು ಕಾರ್ಯದರ್ಶಿಯಾಗಿದ್ದ ನಮ್ಮವರೇ ಆದ ಟಿ.ಆರ್.ಎ. ತಂಬುಚೆಟ್ಟಿಯವರಿಗೆ 1926ರಲ್ಲಿ ಸಂತ ಫಿಲೋಮಿನಾಳ ಪವಿತ್ರ ಅವಶೇಷ ದೊರೆಯಿತು. ಅದನ್ನು ಅವರು ಕೊಶೆ ಸ್ವಾಮಿಯವರಿಗೆ ಒಪ್ಪಿಸಿದರು. ಸ್ವಾಮಿಯವರು ನಾಲ್ವಡಿ ಕೃಷ್ಣರಾಜ ಒಡೆಯರಲ್ಲಿಗೆ ಹೋದರು. 1933ರ ಅಕ್ಟೋಬರ್ 28ರಂದು ಮಹಾರಾಜರೇ ಬಂದು ಅಡಿಗಲ್ಲಿಟ್ಟರು. ಡಾಲಿ ಎಂಬ ಫ್ರೆಂಚ್ ಶಿಲ್ಪಿ ಜರ್ಮನಿಯ ಕೊಲೋನ್ ಪ್ರಧಾನಾಲಯವನ್ನು ಮನಸ್ಸಿನಲ್ಲಿಟ್ಟುಕೊಂಡು ನಕ್ಷೆ ಬರೆದ. ಧರ್ಮಾಧ್ಯಕ್ಷ ರೆನೆ ಫ್ಯೂಗಾರವರ ಕಾಲದಲ್ಲಿ ಕೆಲಸ ಪೂರ್ತಿಯಾಯಿತು. ಅದಕ್ಕೂ ಮುಂಚೆ ಅದೇ ಜಾಗದಲ್ಲಿ 1843ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿಕೊಟ್ಟ ಚಿಕ್ಕ ದೇವಾಲಯವಿತ್ತು. ಹಿಂದೂ ದೊರೆಗಳು ಎರಡು ಸಲ ನಮಗೆ ದೇವಾಲಯ ಕಟ್ಟಲು ಕೈಕೊಟ್ಟರೆಂಬುದನ್ನು ನಾವು ಮರೆಯಬಾರದು.

ಆದರೆ ನಾನು ಇಂದು ಕೇಳುವ ಪ್ರಶ್ನೆ ಬೇರೆ. ದೇವಾಲಯ ಕಟ್ಟಿಸಿಕೊಡಬೇಕಾದರೆ ಅದರೊಳಗೆ ಮೊಣಕಾಲೂರುವವರು ಇರಬೇಕಲ್ಲವೇ? 1843ರಲ್ಲಿ ಅವರು ಎಲ್ಲಿಂದ ಬಂದರು? ಅದಕ್ಕೆ ಕೇವಲ 44 ವರ್ಷ ಹಿಂದೆ, ಶ್ರೀರಂಗಪಟ್ಟಣದ ಕೋಟೆ ಬಿದ್ದ ದಿನ, ಈ ಸೀಮೆಯ ಕ್ರೈಸ್ತ ಸಮುದಾಯ ಚೂರುಚೂರಾಗಿತ್ತು. ಆ ಚೂರುಗಳನ್ನು ಆಯ್ದು ಕೂಡಿಸಿದ ಒಬ್ಬ ಗುರುವಿದ್ದರು. ಹೊರಗಿನ ಲೋಕ ಅವರನ್ನು ಒಂದು ಪುಸ್ತಕದಿಂದ ಬಲ್ಲದು. ನಮ್ಮ ಹಿರಿಯರು ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆದರು. ಅವರು ಮಾತ್ರ ತಮ್ಮ ಬಾಳಿನ ಕೆಲಸ ಸೋತಿತೆಂದು ಬರೆದಿಟ್ಟು ಈ ದೇಶ ಬಿಟ್ಟು ಹೋದರು.

ಅವರ ಹೆಸರು ಜಾನ್ ಆಂಟ್ವಾನ್ ದುಬ್ವಾ. ಅಬ್ಬೆ ಎಂಬುದು ಹೆಸರಲ್ಲ, ಫ್ರಾನ್ಸಿನಲ್ಲಿ ಗುರುಗಳನ್ನು ಕರೆಯುವ ಗೌರವದ ಪದ. ತಂದೆ ಎಂಬರ್ಥದ ಅಬ್ಬಾ ಎಂಬ ಆರಮಾಯಿಕ್ ಮಾತಿನಿಂದ ಅದು ಬಂದಿದೆ. ನಮ್ಮ ಸ್ವಾಮಿ ಯೇಸು ಗೆತ್ಸೆಮನಿ ತೋಪಿನಲ್ಲಿ ಪಿತನನ್ನು ಕರೆದದ್ದು ಆ ಮಾತಿನಿಂದಲೇ. ಕನ್ನಡದಲ್ಲಿ ಅಬ್ಬೆ ಎಂದರೆ ತಾಯಿ. ಎರಡೂ ಈ ಮನುಷ್ಯನಿಗೆ ಒಪ್ಪುತ್ತವೆ ಎಂದು ನನಗೆ ಒಮ್ಮೊಮ್ಮೆ ಅನ್ನಿಸಿದೆ.

ದುಬ್ವಾರವರು ಹುಟ್ಟಿದ್ದು 1766ರಲ್ಲಿ, ದಕ್ಷಿಣ ಫ್ರಾನ್ಸಿನ ಆರ್ದೆಶ್ ಸೀಮೆಯ ಸೇಂಟ್ ರೆಮೆಜ್ ಎಂಬ ಹಳ್ಳಿಯಲ್ಲಿ. ಗುರುದೀಕ್ಷೆ ಪಡೆದದ್ದು 1792ರಲ್ಲಿ. ಆ ವರ್ಷ ಯಾವುದು ನೋಡಿ. ಫ್ರೆಂಚ್ ಕ್ರಾಂತಿ ಹೊತ್ತಿ ಉರಿಯುತ್ತಿದ್ದ ಕಾಲ. ಗುರುಗಳೆಲ್ಲ ಹೊಸ ಸರ್ಕಾರದ ಕಾನೂನಿಗೆ ಪ್ರಮಾಣ ಮಾಡಬೇಕು, ಮಾಡದವರು ದೇಶದ್ರೋಹಿಗಳು. ಅದೇ ಸೆಪ್ಟೆಂಬರ್ ತಿಂಗಳಲ್ಲಿ ಪ್ಯಾರಿಸ್ಸಿನ ಸೆರೆಮನೆಗಳಲ್ಲಿ ನೂರಾರು ಗುರುಗಳನ್ನು ಕಡಿದು ಹಾಕಿದರು. ಅಷ್ಟು ಹೊತ್ತಿಗೆ ದುಬ್ವಾರವರು ಹಡಗಿನಲ್ಲಿದ್ದರು. ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಗೆ ಸೇರಿದ ಅವರು ಜೂನ್ ತಿಂಗಳಲ್ಲೇ ಭಾರತಕ್ಕೆ ಹೊರಟಿದ್ದರು. ಆಗ ಅವರಿಗೆ ಇಪ್ಪತ್ತಾರು ವರ್ಷ. ನಮ್ಮ ಧರ್ಮಕೇಂದ್ರಗಳಲ್ಲಿ ಈ ವಯಸ್ಸಿನ ಹುಡುಗನಿಗೆ ಇನ್ನೂ ಹೆಣ್ಣು ನೋಡುವ ಮಾತು ನಡೆಯುತ್ತಿರುತ್ತದೆ!

ಮೊದಲ ಏಳು ವರ್ಷ ಅವರು ಪಾಂಡಿಚೇರಿ ಮಿಷನ್ನಿಗೆ ಸೇರಿ ತಮಿಳು ಸೀಮೆಯಲ್ಲಿ ದುಡಿದರು. ಅಲ್ಲೇ ಅವರೊಂದು ತೀರ್ಮಾನಕ್ಕೆ ಬಂದರು. ಈ ಜನರ ನಡುವೆ ಬದುಕಬೇಕಾದರೆ ಇವರಂತೆಯೇ ಬದುಕಬೇಕು. ಯೂರೋಪಿನ ಉಡುಪು ಬಿಟ್ಟರು, ಈ ದೇಶದ ಬಿಳಿಬಟ್ಟೆ ಉಟ್ಟರು. ಮಾಂಸ ಬಿಟ್ಟರು. ನೆಲದ ಮೇಲೆ ಕುಳಿತು ಉಣ್ಣುವುದನ್ನೂ ಇಲ್ಲಿಯ ಮರ್ಯಾದೆ ಮಡಿಗಳನ್ನೂ ಕಲಿತರು. ಇದು ಅವರೇ ಕಂಡುಕೊಂಡ ದಾರಿಯಲ್ಲ. 1606ರಲ್ಲಿ ಮಧುರೆಗೆ ಬಂದ ರಾಬರ್ಟ್ ದೆ ನೊಬಿಲಿ ಸ್ವಾಮಿಯವರು ಹಿಡಿದ ದಾರಿಯದು. ನಮ್ಮ ಮೈಸೂರು ಸೀಮೆಯಲ್ಲಿಯೂ ಯೇಸುಸಭೆಯ ಲಿಯೊನಾರ್ಡೊ ಚಿನ್ನಮಿ ಸ್ವಾಮಿಯವರು 1640ರ ದಶಕದ ಕೊನೆಗೆ ಶ್ರೀರಂಗಪಟ್ಟಣಕ್ಕೆ ಬಂದು, ಸನ್ಯಾಸಿಯಂತೆ ಉಟ್ಟು, ಕನ್ನಡ ಕಲಿತು ಕೆಲಸ ಆರಂಭಿಸಿದ್ದರು. ಅಂದರೆ ಕನ್ನಡದಲ್ಲಿ ಶುಭಸಂದೇಶ ಕೇಳಿದ ಕುಟುಂಬಗಳು ಈ ಕಾವೇರಿ ತೀರದಲ್ಲಿ ದುಬ್ವಾರವರು ಹುಟ್ಟುವ ಮೊದಲೇ ನೂರು ವರ್ಷದಿಂದ ಇದ್ದವು.

ಆ ಕುಟುಂಬಗಳ ಮೇಲೆ ಎರಡು ಏಟು ಬಿದ್ದವು. ಒಂದು ನಮ್ಮ ಧರ್ಮಸಭೆಯೊಳಗಿನಿಂದಲೇ ಬಂದದ್ದು. 1773ರಲ್ಲಿ ರೋಮಿನಿಂದ ಯೇಸುಸಭೆಯನ್ನು ರದ್ದು ಮಾಡಲಾಯಿತು. ಕನ್ನಡ ಬಲ್ಲ ಗುರುಗಳು ಒಬ್ಬೊಬ್ಬರಾಗಿ ತೀರಿಕೊಂಡರು, ಹೊಸಬರು ಬರಲಿಲ್ಲ. ಪ್ಯಾರಿಸ್ಸಿನ ವಿದೇಶಿ ಮಿಷನ್ನಿನವರು ಹೊಣೆ ಹೊತ್ತುಕೊಂಡರೂ ಅವರಲ್ಲಿಯೂ ಜನವಿರಲಿಲ್ಲ. ಎರಡನೆಯ ಏಟು ಟಿಪ್ಪು ಸುಲ್ತಾನರ ಕಾಲದ್ದು. 1784ರಲ್ಲಿ ಕರಾವಳಿಯ ಕಥೋಲಿಕರನ್ನು ಬ್ರಿಟಿಷರ ಕಡೆಯವರೆಂಬ ಸಂಶಯದ ಮೇಲೆ ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿ ತಂದರು. ಎಷ್ಟು ಜನ ಎಂಬುದರಲ್ಲಿ ಚರಿತ್ರಕಾರರಿಗೆ ಒಮ್ಮತವಿಲ್ಲ. ದುಬ್ವಾರವರು ಮುಂದೆ 60 ಸಾವಿರ ಎಂದು ಬರೆದರು, ಕಡಿಮೆ ಹೇಳುವವರೂ ಇದ್ದಾರೆ. ದಾರಿಯಲ್ಲಿ, ಸೆರೆಯಲ್ಲಿ ಸತ್ತವರು ಬಹಳ. ಉಳಿದವರಲ್ಲಿ ಅನೇಕರಿಗೆ ಬಲವಂತದಿಂದ ಮತ ಬದಲಾಯಿಸಲಾಯಿತು.

ಇಷ್ಟನ್ನು ಹೇಳಿದ ಬಾಯಲ್ಲಿ ಇನ್ನೊಂದನ್ನೂ ಹೇಳಬೇಕು. ನಂಜನಗೂಡಿನವರಿಗೆ ಅದು ನನಗಿಂತ ಚೆನ್ನಾಗಿ ಗೊತ್ತು. ತನ್ನ ಆನೆಯ ಕಣ್ಣಿನ ಬೇನೆ ವಾಸಿಯಾಯಿತೆಂದು ಅದೇ ಟಿಪ್ಪು ನಂಜುಂಡೇಶ್ವರನಿಗೆ ಪಚ್ಚೆಲಿಂಗ ಒಪ್ಪಿಸಿದ, ದೇವರನ್ನು ಹಕೀಮ್ ನಂಜುಂಡ ಎಂದು ಕರೆದ ಎಂಬ ಕಥೆ ನಿಮ್ಮೂರಿನಲ್ಲಿ ಇಂದಿಗೂ ಬಾಯಿಂದ ಬಾಯಿಗೆ ನಡೆಯುತ್ತಿದೆ. ಶೃಂಗೇರಿ ಮಠಕ್ಕೆ ಅವರು ಬರೆದ ಕಾಗದಗಳೂ ಇವೆ. ಮನುಷ್ಯ ಒಂದೇ ಬಣ್ಣದವನಲ್ಲ. ನಮ್ಮವರು ಪಟ್ಟ ಕಷ್ಟವನ್ನು ನೆನೆಯುವುದು ಇಂದಿನ ನೆರೆಹೊರೆಯವರ ಮೇಲೆ ಹಗೆ ಸಾಧಿಸುವುದಕ್ಕಲ್ಲ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಮಡಿದರು. ಊರಿನ ಆಡಳಿತ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಕೈಗೆ ಬಂತು. ಮುಂದೆ ವಾಟರ್ಲೂ ಯುದ್ಧದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್ ದೊರೆ ಇವನೇ. ಚದುರಿಹೋದ ಕ್ರೈಸ್ತರನ್ನು ಒಟ್ಟುಗೂಡಿಸಲು ಯಾರಾದರೂ ಬೇಕೆಂದಾಗ ಕರೆ ಹೋದದ್ದು ದುಬ್ವಾರವರಿಗೆ. ಫ್ರಾನ್ಸಿಗೂ ಇಂಗ್ಲೆಂಡಿಗೂ ಹಾವು ಮುಂಗುಸಿಯ ಹಗೆ ಇದ್ದ ಕಾಲದಲ್ಲಿ ಒಬ್ಬ ಫ್ರೆಂಚ್ ಗುರುವನ್ನು ಇಂಗ್ಲಿಷ್ ಸೇನಾಧಿಕಾರಿ ನಂಬಿದನೆಂದರೆ ಆ ಗುರುವಿನ ನಡತೆ ಎಂಥದಿತ್ತೆಂದು ಊಹಿಸಿಕೊಳ್ಳಿ.

ಅವರು ಬಂದು ನೋಡಿದ ದೃಶ್ಯವನ್ನು ಸ್ವಲ್ಪ ಕಣ್ಣಿನ ಮುಂದೆ ತಂದುಕೊಳ್ಳೋಣ. ಹದಿನೈದು ವರ್ಷ ಬೇರೆ ಹೆಸರಿನಿಂದ, ಬೇರೆ ಮತದಲ್ಲಿ ಬದುಕಿದ ಜನ. ಐದು ವರ್ಷದ ಮಗುವಾಗಿ ಬಂದವಳು ಈಗ ಇಪ್ಪತ್ತರ ಹೆಂಗಸು. ಜಪ ಮರೆತುಹೋಗಿದೆ. ಇಂಥವರು ಬಂದು ಸ್ವಾಮಿಯವರೇ, ನಮ್ಮನ್ನು ಮತ್ತೆ ಸೇರಿಸಿಕೊಳ್ಳುತ್ತೀರಾ ಎಂದರೆ ಗುರುವಾದವನು ಏನು ಹೇಳಬೇಕು?

ಇದು ಧರ್ಮಸಭೆಗೆ ಹಳೆಯ ಪ್ರಶ್ನೆ. ಕ್ರಿ.ಶ. 250ರ ಹೊತ್ತಿಗೆ ರೋಮಿನ ಚಕ್ರವರ್ತಿ ದೇಸಿಯುಸನ ಹಿಂಸೆಗೆ ಹೆದರಿ ವಿಗ್ರಹಗಳಿಗೆ ಧೂಪ ಹಾಕಿದ ಕ್ರೈಸ್ತರು, ಹಿಂಸೆ ನಿಂತಮೇಲೆ ದೇವಾಲಯದ ಬಾಗಿಲಿಗೆ ಬಂದು ನಿಂತರು. ಅವರನ್ನು ಎಂದಿಗೂ ಒಳಗೆ ಬಿಡಕೂಡದೆಂದು ಕಟ್ಟುನಿಟ್ಟಿನವರು ಹಟ ಹಿಡಿದರು. ಏನೂ ನಡೆಯಲೇ ಇಲ್ಲವೆಂಬಂತೆ ಸೇರಿಸಿಕೊಳ್ಳಿ ಎಂದರು ಇನ್ನು ಕೆಲವರು. ಕಾರ್ಥೇಜಿನ ಧರ್ಮಾಧ್ಯಕ್ಷ ಸಂತ ಸಿಪ್ರಿಯಾನರು ಇವೆರಡನ್ನೂ ಬಿಟ್ಟು ಪ್ರಾಯಶ್ಚಿತ್ತದ ದಾರಿಯಿಂದ ಅವರನ್ನು ಮರಳಿ ಮನೆಗೆ ಕರೆದರು. ಗುರುಮಠದಲ್ಲಿ ನಾವು ಇದನ್ನು ಪಾಠವಾಗಿ ಓದುತ್ತೇವೆ. ದುಬ್ವಾರವರಿಗೆ ಅದು ಪಾಠವಾಗಿರಲಿಲ್ಲ, ಬಾಗಿಲಲ್ಲಿ ನಿಂತ ಮನುಷ್ಯರಾಗಿತ್ತು. ತಮ್ಮ ದೇಶದಲ್ಲೇ ಪ್ರಮಾಣ ಮಾಡಿದ ಗುರುಗಳು, ಮಾಡದೆ ಸತ್ತ ಗುರುಗಳು ಎಂಬ ಒಡಕನ್ನು ಕಂಡು ಬಂದಿದ್ದ ಅವರಿಗೆ ಹೆದರಿಕೆ ಎಂದರೇನೆಂಬುದು ಗೊತ್ತಿತ್ತು. ಅವರು ಬಾಗಿಲು ತೆರೆದರು. ಮರಳಿ ಬಂದವರನ್ನು ಸ್ವೀಕರಿಸಿ ಸಂಸ್ಕಾರಗಳಿಗೆ ಸೇರಿಸಿಕೊಂಡರು.

ನಿಮ್ಮ ಮನೆಯಲ್ಲಿಯೂ ದೇವಾಲಯಕ್ಕೆ ಬಾರದೆ ಹತ್ತು ಹದಿನೈದು ವರ್ಷವಾದ ಒಬ್ಬ ಅಣ್ಣನೋ ಚಿಕ್ಕಪ್ಪನೋ ಇರಬಹುದು. ಅವರು ಬಾಗಿಲಿಗೆ ಬಂದ ದಿನ ನಾವು ಹೇಗೆ ನೋಡುತ್ತೇವೆ ಎಂಬುದನ್ನು ನಾವೇ ಕೇಳಿಕೊಳ್ಳಬೇಕು.

ಮತ್ತೆ ಸೇರಿದವರಿಗೆ ನೆಲೆ ಬೇಕಲ್ಲ! ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ 1800ರ ಹೊತ್ತಿಗೆ ಒಂದು ದೇವಾಲಯವಾಯಿತು. ಸಮೀಪದ ಪಾಲಹಳ್ಳಿಯಲ್ಲಿ ಇನ್ನೊಂದು ನೆಲೆಯಾಯಿತು. ಹೊಲಮನೆ ಕಳೆದುಕೊಂಡ ಜನರನ್ನು ಕೂಡಿಸಿ, ಉಳಲು ನೆಲ ಒದಗಿಸಿ, ಬೇಸಾಯದ ಹಳ್ಳಿಗಳನ್ನೇ ಕಟ್ಟಿದರು. ಹಾಸನ ಸೀಮೆಯ ಸಾತಳ್ಳಿ ಇವುಗಳಲ್ಲಿ ಮುಖ್ಯವಾದದ್ದು. ಗುರುಗಳಿಗೆ ಏಕೆ ಬೇಕಿತ್ತು ಬೇಸಾಯದ ಚಿಂತೆ ಎಂದು ಕೇಳುವವರು ಆಗಲೂ ಇದ್ದಿರಬೇಕು, ಈಗಲೂ ಇದ್ದಾರೆ. ಹೊಟ್ಟೆಗೆ ಇಲ್ಲದವನು ಒಂದು ಊರಿನಲ್ಲಿ ನಿಲ್ಲುವುದಿಲ್ಲ, ಊರಿನಲ್ಲಿ ನಿಲ್ಲದವನಿಗೆ ಧರ್ಮಕೇಂದ್ರವಿಲ್ಲ. ರಾಗಿ ಬೆಳೆದರೆ ಮಾತ್ರ ಭಾನುವಾರದ ಗಂಟೆಗೆ ಕಿವಿ ಇರುತ್ತದೆ. ದುಬ್ವಾರವರು ದೈವಶಾಸ್ತ್ರದ ಪುಸ್ತಕಗಳಿಗಿಂತ ಮೊದಲು ನೇಗಿಲನ್ನು ಹುಡುಕಿದ್ದು ಅವರ ಜಾಣತನವೆಂದೇ ನಾನು ಎಣಿಸುತ್ತೇನೆ.

ಈಗ ಸಿಡುಬಿನ ಮಾತಿಗೆ ಬರೋಣ. ನಮ್ಮ ಇಂದಿನ ಮಕ್ಕಳಿಗೆ ಆ ಕಾಯಿಲೆಯ ಹೆಸರು ಗೊತ್ತಿಲ್ಲ. ದೇವರ ದಯದಿಂದ ಭಾರತದಲ್ಲಿ 1975ರಲ್ಲಿ, ಲೋಕದಲ್ಲೆಲ್ಲ 1980ರ ಹೊತ್ತಿಗೆ ಅದು ಅಳಿಯಿತು. ಆದರೆ ನಿಮ್ಮ ಅಜ್ಜ ಅಜ್ಜಿಯರ ತೋಳು ನೋಡಿ, ದಾಕು ಹಾಕಿಸಿಕೊಂಡ ಗುಂಡನೆಯ ಕಲೆ ಕಾಣುತ್ತದೆ. ಅದಕ್ಕೂ ಹಿಂದೆ, ಅಮ್ಮ ಬಂದಿದ್ದಾಳೆ ಎಂದು ಬೇವಿನ ಸೊಪ್ಪು ಕಟ್ಟಿ ಕಾಯುವುದೊಂದೇ ದಾರಿ. ಉಳಿದ ಮಗುವಿನ ಮುಖದ ಮೇಲೆ ಕುಳಿಗಳು, ಕೆಲವು ಮಕ್ಕಳಿಗೆ ಕಣ್ಣೇ ಇಲ್ಲ. ಕಪಿಲೆಯ ದಂಡೆಯಿಂದ ಕಾವೇರಿಯ ಸಂಗಮದವರೆಗೆ ನಮ್ಮ ಹಳ್ಳಿ ಹಳ್ಳಿಯಲ್ಲಿ ಊರ ಹೊರಗೆ ಒಂದು ಮಾರಮ್ಮನ ಗುಡಿ ಏಕಿದೆ ಎಂದು ಯೋಚಿಸಿದರೆ ಆ ಭಯ ಎಷ್ಟು ದೊಡ್ಡದಿತ್ತೆಂದು ತಿಳಿಯುತ್ತದೆ.

ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಎಂಬ ವೈದ್ಯ 1796ರಲ್ಲಿ ಹಸುವಿನ ಸಿಡುಬಿನ ಕೀವಿನಿಂದ ಮನುಷ್ಯರ ಸಿಡುಬನ್ನು ತಡೆಯಬಹುದೆಂದು ಕಂಡುಹಿಡಿದರು. ಆ ಲಸಿಕೆ ಮುಂಬಯಿಗೆ ಬಂದದ್ದು 1802ರಲ್ಲಿ. ಮಂಜುಗಡ್ಡೆ ಪೆಟ್ಟಿಗೆ ಇಲ್ಲದ ಕಾಲ; ಲಸಿಕೆ ಬಿಸಿಲಿಗೆ ಕೆಡುತ್ತಿತ್ತು. ಅದನ್ನು ಊರಿಂದೂರಿಗೆ ಸಾಗಿಸುವ ಉಪಾಯ ಒಂದೇ. ಒಂದು ಮಗುವಿಗೆ ದಾಕು ಹಾಕಿ, ಎಂಟು ದಿನಕ್ಕೆ ಎದ್ದ ಬೊಕ್ಕೆಯ ರಸ ತೆಗೆದು ಮುಂದಿನ ಮಗುವಿಗೆ ಹಾಕಬೇಕು, ಅದರಿಂದ ಮತ್ತೊಂದಕ್ಕೆ. ತೋಳಿನಿಂದ ತೋಳಿಗೆ ನಡೆಯುವ ಮೆರವಣಿಗೆ ಅದು. ಯಾರಾದರೊಬ್ಬ ತಾಯಿ ಬೇಡವೆಂದರೆ ಸರಪಳಿ ಅಲ್ಲಿಗೇ ಕಡಿಯಿತು.

ಇಲ್ಲಿ ಬೇಕಾದದ್ದು ವೈದ್ಯಕ್ಕಿಂತ ಹೆಚ್ಚಾಗಿ ನಂಬಿಕೆ. ಪರದೇಶದಿಂದ ಬಂದ ರಸ, ಹಸುವಿನ ಕೀವು, ಯಾವ ಜಾತಿಯ ಮಗುವಿನ ತೋಳಿನಿಂದ ಬಂದದ್ದೋ ತಿಳಿಯದು. ಯಾವ ತಾಯಿ ಒಪ್ಪಿಯಾಳು? ಬಿಳಿಬಟ್ಟೆಯುಟ್ಟು ತಮ್ಮಂತೆಯೇ ಉಣ್ಣುವ, ತಮ್ಮ ಭಾಷೆ ಆಡುವ ದೊಡ್ಡಸ್ವಾಮಿಯವರು ಹೇಳಿದರೆ ಒಪ್ಪುತ್ತಾಳೆ. 1803, 1804 ಈ ಎರಡು ವರ್ಷಗಳಲ್ಲಿ ದುಬ್ವಾರವರ ಮುಂದಾಳುತನದಲ್ಲಿ ದಾಕು ಹಾಕಿಸಿಕೊಂಡವರು 25 ಸಾವಿರಕ್ಕೂ ಹೆಚ್ಚು ಎಂದು ಸರ್ಕಾರಿ ದಾಖಲೆ ಲೆಕ್ಕ ಕೊಡುತ್ತದೆ. ಅವರೆಲ್ಲ ಕ್ರೈಸ್ತರಾಗಿರಲು ಸಾಧ್ಯವಿಲ್ಲ, ಈ ಸೀಮೆಯಲ್ಲಿ ಅಷ್ಟು ಕ್ರೈಸ್ತರೇ ಇರಲಿಲ್ಲ. ಯಾರ ಮಗುವಾದರೂ ಮಗುವೇ ಎಂದು ನಡೆದ ಕೆಲಸವದು. ಎರಡು ವರ್ಷ ಕಳೆದು 1806ರಲ್ಲಿ ಮೈಸೂರು ಅರಮನೆಯ ಎಳೆಯ ರಾಣಿ ದೇವಾಜಮ್ಮಣ್ಣಿಯವರೂ ದಾಕು ಹಾಕಿಸಿಕೊಂಡರು. ಥಾಮಸ್ ಹಿಕಿ ಎಂಬ ಐರಿಷ್ ಚಿತ್ರಗಾರ ಬರೆದದ್ದೆನ್ನಲಾದ ಮೂವರು ರಾಣಿಯರ ಒಂದು ವರ್ಣಚಿತ್ರದಲ್ಲಿ ಸೆರಗು ಸರಿಸಿ ತೋಳು ತೋರಿಸುತ್ತಿರುವ ರಾಣಿ ಇವರೇ, ಜನರಿಗೆ ಧೈರ್ಯ ತುಂಬಲೆಂದೇ ಆ ಚಿತ್ರ ಬರೆಸಿದ್ದು ಎಂದು ಇತ್ತೀಚಿನ ಚರಿತ್ರಕಾರರು ಹೇಳುತ್ತಾರೆ. ಅದೇ ಹಿಕಿ ದುಬ್ವಾರವರ ಚಿತ್ರವನ್ನೂ ಬರೆದಿದ್ದಾನೆ, ಈ ದೇಶದ ಉಡುಪಿನಲ್ಲಿ.

ಹಗಲೆಲ್ಲ ಇಂಥ ಕೆಲಸ ಮಾಡಿದ ಮನುಷ್ಯ ಬರೆಯುತ್ತಲೂ ಇದ್ದರು. ಹಿಂದೂಗಳ ಆಚಾರ ವಿಚಾರ, ಸಂಸ್ಕಾರಗಳ ಬಗ್ಗೆ ಫ್ರೆಂಚ್ ಭಾಷೆಯಲ್ಲಿ ಒಂದು ದೊಡ್ಡ ಹಸ್ತಪ್ರತಿ ಸಿದ್ಧವಾಯಿತು. ಮೈಸೂರಿನ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ಅದನ್ನು ನೋಡಿ ಮದ್ರಾಸಿಗೆ ಕಳುಹಿಸಿದರು. ಅಲ್ಲಿಯ ಗವರ್ನರ್ ಲಾರ್ಡ್ ವಿಲಿಯಂ ಬೆಂಟಿಂಕ್ 1807ರಲ್ಲಿ 2,000 ಸ್ಟಾರ್ ಪಗೋಡ ವರಹ ಕೊಟ್ಟು ಈಸ್ಟ್ ಇಂಡಿಯಾ ಕಂಪನಿಗಾಗಿ ಕೊಂಡುಕೊಂಡರು. ಇಂಗ್ಲಿಷ್ ಅನುವಾದ ಹತ್ತು ವರ್ಷದೊಳಗೆ ಲಂಡನ್ನಿನಲ್ಲಿ ಅಚ್ಚಾಯಿತು. ಅವರು ಮುಂದೆ ತಿದ್ದಿ ಬೆಳೆಸಿದ ಪ್ರತಿಯನ್ನು ಬೋಷಂ ಎಂಬುವರು 1897ರಲ್ಲಿ ಇಂಗ್ಲಿಷಿಗೆ ತಂದರು. ಅದು ಇಂದಿಗೂ ಅಂಗಡಿಯಲ್ಲಿ ಸಿಗುತ್ತದೆ.

ಈ ಪುಸ್ತಕದ ಬಗ್ಗೆ ನಿಮಗೆ ಎರಡು ಮಾತು ನೇರವಾಗಿ ಹೇಳಬೇಕು. ಮೊದಲನೆಯದು, ಅದರ ಬಹುಭಾಗ ದುಬ್ವಾರವರ ಸ್ವಂತದ್ದಲ್ಲ. ಅವರಿಗಿಂತ ಹಿಂದಿನ ಯೇಸುಸಭೆಯ ಕೇರ್ದು ಸ್ವಾಮಿಯವರ ಬರಹವನ್ನು ಆಧರಿಸಿದ್ದು ಎಂದು ಫ್ರೆಂಚ್ ವಿದ್ವಾಂಸೆ ಸಿಲ್ವಿಯಾ ಮೂರ್ 1987ರಲ್ಲಿ ತೋರಿಸಿಕೊಟ್ಟರು. ಹೆಸರು ಹೇಳದೆ ಇನ್ನೊಬ್ಬರ ಶ್ರಮವನ್ನು ತೆಗೆದುಕೊಂಡದ್ದು ತಪ್ಪೇ ಸರಿ. ಎರಡನೆಯದು, ಅದರ ದನಿ ಬಹಳ ಕಡೆ ಕಹಿ. ಹಿಂದೂ ಬಾಂಧವರ ಪೂಜೆ ಪದ್ಧತಿಗಳನ್ನು ಹೊರಗಿನಿಂದ ನೋಡಿ ಹೀನವಾಗಿ ಕಂಡ ಪುಟಗಳಿವೆ. ಸಂತಾನ ಬೇಡಿ ನಂಜನಗೂಡಿನ ದೇವಸ್ಥಾನಕ್ಕೆ ಬರುವ ಹೆಂಗಸರ ಬಗ್ಗೆಯೂ ಒಂದು ಪ್ರಸ್ತಾಪವಿದೆ, ಅದನ್ನು ಇಲ್ಲಿ ಮತ್ತೆ ಹೇಳಲು ನನಗೆ ಮನಸ್ಸಿಲ್ಲ. ಆ ಹೆಂಗಸರ ಮಕ್ಕಳಿಗೂ ಅವರೇ ದಾಕು ಹಾಕಿಸಿದ್ದಿರಬಹುದು ಎಂದು ನೆನೆದಾಗ ಆಶ್ಚರ್ಯವಾಗುತ್ತದೆ. ಅವರ ಲೇಖನಿಗಿಂತ ಅವರ ಕೈ ದೊಡ್ಡದಾಗಿತ್ತು.

ವರ್ಷ ಕಳೆದಂತೆ ಅವರ ಮನಸ್ಸು ಕುಗ್ಗಿತು. ತಮ್ಮ ಹಿಂದಿನ ಇಪ್ಪತ್ತೈದು ವರ್ಷದ ಲೆಕ್ಕ ಹಾಕಿ ನೋಡಿದರು: ತಾವು ಹೊಸದಾಗಿ ಧರ್ಮಕ್ಕೆ ಸೇರಿಸಿದವರು ಇನ್ನೂರು ಮುನ್ನೂರು ಜನ. ಅವರಲ್ಲಿ ಮೂರರಲ್ಲೆರಡು ಪಾಲು ಬಡಬಗ್ಗರು, ಊರ ಹೊರಗೆ ಇಟ್ಟವರು. ಉಳಿದವರಲ್ಲಿ ಜಾತಿಯಿಂದ ಹೊರಬಿದ್ದವರು, ಅಲೆಮಾರಿಗಳು. ಇದನ್ನೆಲ್ಲ ಅವರು 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ತಮ್ಮ ಪತ್ರಗಳ ಪುಸ್ತಕದಲ್ಲಿ ನಾಚಿಕೆಯಿಂದ ಎಂಬಂತೆ ಬರೆದಿದ್ದಾರೆ. ಈ ದೇಶದಲ್ಲಿ ಕ್ರೈಸ್ತಧರ್ಮ ಬೆಳೆಯುವ ಕಾಲ ಮುಗಿಯಿತು, ಇನ್ನು ಸಾಧ್ಯವಿಲ್ಲ ಎಂಬುದು ಆ ಪುಸ್ತಕದ ತೀರ್ಪು. ಪ್ರೊಟೆಸ್ಟೆಂಟ್ ಮಿಷನರಿಗಳು ಮರುವರ್ಷವೇ ಖಂಡಿಸಿ ಬರೆದರು.

ಅವರು ಕೊಟ್ಟ ಕಾರಣಗಳಲ್ಲಿ ಒಂದನ್ನು ನಾವು ಗಂಭೀರವಾಗಿ ತೆಗೆದುಕೊಳ್ಳಬೇಕು. ದೆ ನೊಬಿಲಿಯವರ ದಾರಿಯಲ್ಲಿ ಈ ನಾಡಿನ ಆಚಾರಗಳನ್ನು ಉಳಿಸಿಕೊಂಡು ನಡೆದಿದ್ದ ಮಿಷನ್ನಿಗೆ ರೋಮಿನಿಂದ ತಡೆ ಬಂತು. 1744ರಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟರು ಕೊನೆಯ ಮಾತು ಹೇಳಿ ಆ ವಿವಾದ ಮುಗಿಸಿದರು. ಅಂದಿನಿಂದ ಕ್ರೈಸ್ತಧರ್ಮ ಈ ಜನರ ಕಣ್ಣಿಗೆ ಪರಂಗಿಯವರ ಧರ್ಮವಾಗಿಬಿಟ್ಟಿತು ಎಂಬುದು ದುಬ್ವಾರವರ ಕೊರಗು. ಆ ಹಳೆಯ ದಾರಿಯಲ್ಲಿ ಜಾತಿಭೇದವನ್ನೂ ದೇವಾಲಯದೊಳಗೆ ಬಿಟ್ಟುಕೊಂಡರೆಂಬ ದೊಡ್ಡ ದೋಷವಿತ್ತು, ಅದನ್ನು ದುಬ್ವಾರವರು ಸಾಕಷ್ಟು ಕಾಣಲಿಲ್ಲ. ಆದರೆ ಶುಭಸಂದೇಶ ನೆಲದ ಮಾತಿನಲ್ಲಿ, ನೆಲದ ರೀತಿಯಲ್ಲಿ ಬೇರೂರಬೇಕೆಂಬ ಮಾತನ್ನು ಧರ್ಮಸಭೆ ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ, 1962ರಿಂದ 65ರವರೆಗೆ, ಮತ್ತೆ ಕೈಗೆತ್ತಿಕೊಂಡಿತು. ಇಂದು ನೀವು ಕನ್ನಡದಲ್ಲಿ ಬಲಿಪೂಜೆ ಕೇಳುತ್ತೀರಿ, ದೀಪ ಹಚ್ಚಿ ಆರತಿ ಎತ್ತುತ್ತೀರಿ.

ಇನ್ನು ಆ ಇನ್ನೂರು ಮುನ್ನೂರು ಬಡವರು. ಅದನ್ನು ಓದಿದಾಗಲೆಲ್ಲ ನನಗೆ ದೊಡ್ಡಸ್ವಾಮಿಯವರೊಡನೆ ಜಗಳವಾಡಬೇಕೆನ್ನಿಸುತ್ತದೆ. ನಮ್ಮ ಪ್ರಭು ಊಟಕ್ಕೆ ಕುಳಿತದ್ದು ಯಾರ ಜೊತೆ? ಅಲೆಮಾರಿಗಳೂ ಹೊರಹಾಕಲ್ಪಟ್ಟವರೂ ಲೆಕ್ಕಕ್ಕೆ ಬಾರದಿದ್ದರೆ ಗಲಿಲೇಯದಲ್ಲಿ ಆದ ಕೆಲಸವೂ ಸೋಲೇ. ಅಲ್ಲದೆ, ಹೊಸಬರನ್ನು ಎಣಿಸಿದ ಅವರು ಮರಳಿ ಬಂದವರನ್ನು ಎಣಿಸಲಿಲ್ಲ. ಸಾತಳ್ಳಿಯ ಹೊಲಗಳನ್ನು ಎಣಿಸಲಿಲ್ಲ. 25 ಸಾವಿರ ತೋಳುಗಳನ್ನೂ ಎಣಿಸಲಿಲ್ಲ. ಒಬ್ಬ ದಣಿದ ಮನುಷ್ಯ ಸಂಜೆಹೊತ್ತು ಲೆಕ್ಕ ಬರೆಯಲು ಕೂತರೆ ಹೀಗೇ ಆಗುತ್ತದೆ ಕಾಣುತ್ತದೆ.

1823ರ ಜನವರಿ 15ರಂದು ಅವರು ಭಾರತ ಬಿಟ್ಟು ಹೊರಟರು. ಮೂವತ್ತು ವರ್ಷ ಕಳೆದಿತ್ತು. ಹಡಗಿನ ಖರ್ಚು ಕೊಟ್ಟದ್ದೂ ಮುಂದೆ ನಿವೃತ್ತಿ ವೇತನ ಕೊಟ್ಟದ್ದೂ ಕಂಪನಿ ಸರ್ಕಾರವೇ. ಪ್ಯಾರಿಸ್ಸಿನಲ್ಲಿ ಅವರನ್ನು ತಮ್ಮದೇ ಸಂಸ್ಥೆಯ ಗುರುಮಠಕ್ಕೆ ನಿರ್ದೇಶಕರಲ್ಲೊಬ್ಬರನ್ನಾಗಿ ಮಾಡಿದರು. 1836ರಿಂದ 39ರವರೆಗೆ ಆ ಸಂಸ್ಥೆಯ ಮುಖ್ಯಸ್ಥರೇ ಆದರು. ಪಂಚತಂತ್ರದ ಕಥೆಗಳನ್ನು ಫ್ರೆಂಚಿಗೆ ಅನುವಾದಿಸಿದರು. ಭಾರತದಲ್ಲಿ ಇನ್ನು ಸಾಧ್ಯವಿಲ್ಲ ಎಂದು ಬರೆದ ಮನುಷ್ಯ, ಭಾರತಕ್ಕೆ ಹೊರಡುವ ಯುವಕರನ್ನು ತಯಾರು ಮಾಡುವ ಮನೆಯಲ್ಲಿ ತನ್ನ ಉಳಿದ ದಿನಗಳನ್ನು ಕಳೆದದ್ದು ನೋಡಿದರೆ, ಆ ತೀರ್ಪನ್ನು ಅವರ ಹೃದಯ ಪೂರ್ತಿ ಒಪ್ಪಿರಲಿಲ್ಲವೇನೋ. ಹಾಗೆ ಆ ಮನೆಯಿಂದ ಹೊರಟವರಲ್ಲಿ ಎತಿಯೆನ್ ಲೂಯಿ ಶಾರ್ಬೊನೊ ಒಬ್ಬರು. ಅವರು ಈ ನಾಡಿಗೆ ಬಂದು 1850ರಲ್ಲಿ ಮೈಸೂರು ಮಿಷನ್ ಪ್ರತ್ಯೇಕವಾದಾಗ ಅದರ ಮೊದಲ ಅಧಿಪತಿಗಳಾದರು. ಮಿಷನ್ 1886ರಲ್ಲಿ ಧರ್ಮಕ್ಷೇತ್ರವಾಯಿತು. 1940ರಲ್ಲಿ ಬೆಂಗಳೂರು ಬೇರೆಯಾಗಿ, ಆಗ ಎದ್ದು ನಿಂತಿದ್ದ ದೊಡ್ಡ ದೇವಾಲಯ ಮೈಸೂರಿನ ಪ್ರಧಾನಾಲಯವಾಯಿತು. ಹಾಸನದ ಕಡೆ 1860ರ ಸುಮಾರಿಗೆ ಶೆಟ್ಟಿಹಳ್ಳಿಯಲ್ಲಿ ಎದ್ದ ಜಪಸರ ಮಾತೆಯ ದೇವಾಲಯ ಹೇಮಾವತಿ ಜಲಾಶಯದ ನೀರಿಗೆ ಸಿಕ್ಕಿತು. ಗೋಡೆಗಳು ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಏಳುವುದನ್ನು ನೋಡಲು ಈಗ ದೂರದೂರದಿಂದ ಜನ ಬರುತ್ತಾರೆ.

ದುಬ್ವಾರವರು 1848ರ ಫೆಬ್ರವರಿ 17ರಂದು ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ಎಂಬತ್ತೆರಡು ವರ್ಷ ಬಾಳಿದ್ದರು. ಒಂದೇ ವಾರಕ್ಕೆ ಆ ಊರಿನಲ್ಲಿ ಮತ್ತೊಂದು ಕ್ರಾಂತಿ ಎದ್ದು ರಾಜ ಓಡಿಹೋದ. ಅಷ್ಟರಲ್ಲಿ ಮೈಸೂರಿನಲ್ಲಿ ಮುಮ್ಮಡಿಯವರು ಕಟ್ಟಿಸಿಕೊಟ್ಟ ದೇವಾಲಯಕ್ಕೆ ಐದು ವರ್ಷ ತುಂಬಿತ್ತು.

ನರಸೀಪುರದವರೇ, ನಿಮ್ಮ ಸಂಗಮಕ್ಕೆ ಬರುವ ಕಾವೇರಿ ಗಂಜಾಂ ಮುಟ್ಟಿಯೇ ಬಂದದ್ದು. ಬನ್ನೂರು, ಅರಕೆರೆ ದಾರಿಯಲ್ಲಿ ಶ್ರೀರಂಗಪಟ್ಟಣ ದೂರವಲ್ಲ. ನಂಜನಗೂಡಿನವರಿಗೆ ಮೈಸೂರಿನಿಂದ ಮುಂದೆ ಇನ್ನೊಂದು ಸಣ್ಣ ಪ್ರಯಾಣ. ಗುಂಬಜ್, ನಿಮಿಷಾಂಬ ದೇವಸ್ಥಾನ ನೋಡಲು ಹೋಗುವ ಜನವೆಲ್ಲ ಗಂಜಾಂ ದಾಟಿಯೇ ಹೋಗುತ್ತಾರೆ. ಅಬ್ಬೆ ದುಬ್ವಾ ದೇವಾಲಯ ಎಲ್ಲಿ ಎಂದು ಅಲ್ಲಿ ಕೇಳಿ. ಪ್ರಧಾನಾಲಯದ ಗೋಪುರಗಳಂತೆ ಅದು ದೂರದಿಂದ ಕಾಣುವುದಿಲ್ಲ, ಹತ್ತಿರ ಹೋಗಬೇಕು. ಮಕ್ಕಳನ್ನೂ ಕರೆದುಕೊಂಡು ಹೋಗಿ, ಅಜ್ಜಿಯ ತೋಳಿನ ಕಲೆ ಏನೆಂದು ದಾರಿಯಲ್ಲಿ ಹೇಳಿ.